ನೋಡೋದು ಬೇರೆ, ನೋಡ್ಕೊಳ್ಳೋದು ಬೇರೆ

ಸವಳಂಗದಲ್ಲಿ ಮಳೆ ಬಿಡ್ತಿಲ್ಲ, ಮೆಕ್ಕೆಜೋಳಕ್ಕೆ ಗೊಬ್ಬರ ಹಾಕೋ ಹಾಗಿಲ್ಲ. ಮನೇಲಿ ಕೂತು ಇದನ್ನ ಬರೀತಿದೀನಿ.

ನಮ್ಮ ಅಮ್ಮನ ತವರು ಹೊಸನಗರ ತಾಲ್ಲೂಕು ನಿಟ್ಟೂರು ಕಡೆ, ಕೊಡಚಾದ್ರಿ ಬುಡದ ಒಂಟಿ ಮನೆ. ಸೋದರಮಾವ ತೀರಿಕೊಂಡ ಮೇಲೆ ಬೀಗ ಹಾಕಿದೆ. ಮಾವನ ಮಗ ಬೆಂಗಳೂರಲ್ಲಿ.

ದೂರದ ಮನೆ ಸುದ್ದಿ ತಿಳಿಯೋದಕ್ಕೆ ಮೊದಲು ಅಂಚೆ ಕಾರ್ಡೇ ಗತಿ. ಈ ದೇಶಕ್ಕೆ ಕಾರ್ಡು ಬಂದಿದ್ದು 1879ರ ಜುಲೈನಲ್ಲಿ. ನಾನು ಹುಡುಗನಾಗಿದ್ದಾಗಲೂ ಅಮ್ಮ ಅದಕ್ಕೇ ಕಾಯೋರು. ಗಾಳಿಗೆ ಹಂಚು ಹಾರಿತು ಅನ್ನೋ ಸುದ್ದಿ ಬರೋ ಹೊತ್ತಿಗೆ ಪಕ್ಕದ ಮನೆಯವರು ಹಂಚು ಹೊದಿಸಿ ಆಗಿರ್ತಿತ್ತು. ಅದೂ ಅದೇ ಕಾರ್ಡಲ್ಲಿ ಇರ್ತಿತ್ತು.

ಆಮೇಲೆ ಫೋನು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆ ಅಂತಲೇ ಸಣ್ಣ ಎಕ್ಸ್‌ಚೇಂಜ್ ಮಾಡಿತು. ಎಸಿ ಬೇಡ, ಬಿಸಿಲು-ಧೂಳಿಗೆ ಜಗ್ಗಲ್ಲ. ಮೊದಲನೇದನ್ನ 1986ರಲ್ಲಿ ಕೂರಿಸಿದ್ದು ನಮ್ಮ ಬೆಳಗಾವಿ ಜಿಲ್ಲೆ ಕಿತ್ತೂರಲ್ಲೇ! ಮುಂದೆ ಎಸ್‌ಟಿಡಿ ಬೂತ್ ಬಂದಾಗ ಅಮ್ಮ ಮೀಟರ್ ಮೇಲೆ ಕಣ್ಣಿಟ್ಟೇ ತವರಿನ ಜೊತೆ ಮಾತಾಡೋರು. 2013ರ ಜುಲೈಗೆ ಟೆಲಿಗ್ರಾಂ ನಿಂತಿತು. 2016ರ ಸೆಪ್ಟೆಂಬರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯ್ತು. ಈಗ ಸಿಮ್ ಹಾಕೋ ಕ್ಯಾಮೆರಾ. ಮಾವನ ಮಗ ನಡುಮನೇಲಿ ಒಂದು ಹಾಕಿಸಿದ.

ಮೊನ್ನೆ ರಾತ್ರಿ ಅವನ ಫೋನು: "ಭಾವ, ಗೋಡೆ ಮೇಲೆ ನೀರಿಳೀತಿದೆ." ಚಿತ್ರ ಕಳಿಸಿದ. ಮಣ್ಣಿನ ಗೋಡೆ, ಹೀಗೇ ಎರಡು ದಿನ ನೆನೆದರೆ ಕುಸಿಯುತ್ತೆ. ಅವನು ಬೆಂಗಳೂರಲ್ಲಿ ಕೂತು ನೋಡ್ತಿದಾನೆ, ನಾನು ಸವಳಂಗದಲ್ಲಿ ಕೂತು ನೋಡ್ತಿದೀನಿ. ಮಾಡೋದೇನು? ಪಕ್ಕದ ತೋಟದ ಹಿರಿಯರಿಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದ ಜೀವ. ಬೆಳಗಾಗುತ್ತಲೇ ಆಳೊಬ್ಬನನ್ನ ಕರ್ಕೊಂಡು ಹೋಗಿ, ಮಾಡಿನ ತಗಡಿನ ದೋಣಿಗೆ ಕಟ್ಟಿಕೊಂಡಿದ್ದ ತರಗೆಲೆ ತೆಗೆಸಿದರು. ನೀರು ನಿಂತಿತು.

ಕಾರ್ಡಿನ ಕಾಲದಲ್ಲಿ ಹಂಚು ಹೊದಿಸಿದ್ದು ಇದೇ ಮನೆಯವರು. ಸುದ್ದಿ ಬರೋಕೆ ವಾರ ಹಿಡೀತಿತ್ತು, ಕೆಲಸ ಅವತ್ತೇ ಆಗ್ತಿತ್ತು. ಈಗ ಸುದ್ದಿ ಕ್ಷಣದಲ್ಲಿ ಬರುತ್ತೆ, ಕೆಲಸಕ್ಕೆ ಜನ ಹುಡುಕಬೇಕು.

ಮಳೆ ಬಿಟ್ಟ ಮೇಲೆ ನಾನೂ ಮಾವನ ಮಗನೂ ಹೋಗಿ ಮಾಡು ಸರಿ ಮಾಡಿಸ್ತೀವಿ. ಕೀಲಿಕೈ ಒಂದನ್ನ ಆ ಹಿರಿಯರ ಹತ್ರ ಇಡ್ತೀವಿ. ಅವರ ಮಕ್ಕಳೂ ಬೆಂಗಳೂರು ಸೇರಿದಾರೆ. ಈ ಬೇಸಿಗೇಲಿ ಅವರ ಜಗಲಿಗೂ ಒಂದು ಕ್ಯಾಮೆರಾ ಬಂದಿದೆ.

ನಿಮ್ಮ ಹಳೇ ಮನೆಯ ಕೀಲಿಕೈ ಯಾರ ಹತ್ರ ಇದೆ?