ಕಿಟೆಲ್ ನಿಘಂಟಿನ ಹಿಂದಿನ ಮನೆ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಹಾದಿ ತೆರೆದದ್ದು 1894ರಲ್ಲಿ. ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದೂ ಅದೇ ವರ್ಷ. ಇಸವಿ ನೆನಪಿನಲ್ಲಿ ಉಳಿಯಲೆಂದು ಈ ಎರಡು ಸಂಗತಿಗಳನ್ನೂ ನಾನು ತರಗತಿಯಲ್ಲಿ ಒಟ್ಟಿಗೆ ಹೇಳುತ್ತಿದ್ದೆ. ಮೈಸೂರು ಮೈನ್ಸ್ ಕಡೆಯಿಂದ ಬರುತ್ತಿದ್ದ ನಿಮ್ಮಲ್ಲಿ ಅನೇಕರಿಗೆ ಅದು ನೆನಪಿರಬಹುದು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಮೂರು ಭಾಷೆಗಳ ನಡುವೆ ಬೆಳೆದ ನಿಮಗೆ ರೈಲು ಚೆನ್ನಾಗಿ ಗೊತ್ತಿತ್ತು. ನಿಘಂಟಿನ ಪರಿಚಯ ಮಾಡಿಸುವುದೇ ನನ್ನ ಪಾಲಿನ ಕಷ್ಟವಾಗಿತ್ತು.

ಈಚೆಗೆ ಆ ನಿಘಂಟಿನ ಮರುಮುದ್ರಣದ ದಪ್ಪ ಸಂಪುಟವನ್ನು ಮೇಜಿನ ಮೇಲಿಟ್ಟುಕೊಂಡು ಏನನ್ನೋ ಹುಡುಕುತ್ತಿದ್ದಾಗ ನನ್ನ ಶ್ರೀಮತಿ ಕೇಳಿದ ಪ್ರಶ್ನೆಯಿದು: "ಅಲ್ಲ ರೀ, ಅಷ್ಟು ವರ್ಷ ಅವರು ಪದ ಹುಡುಕುತ್ತ ಕೂತಿದ್ದರಲ್ಲ, ಅವರ ಮನೆ ಮಕ್ಕಳನ್ನು ಯಾರು ನೋಡಿಕೊಂಡರು?" ಸುಮಾರು ಎಪ್ಪತ್ತು ಸಾವಿರ ಪದಗಳ ಈ ಗ್ರಂಥವನ್ನು ಕುರಿತು ಸೇವೆಯುದ್ದಕ್ಕೂ ಪಾಠ ಹೇಳಿದವನು ನಾನು. ಈ ಪ್ರಶ್ನೆ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಕಿಟೆಲ್ ಬಾಸೆಲ್ ಮಿಷನ್‌ಗೆ ಸೇರಿದವರು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಜನ ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿನ ಪಾದ್ರಿಗಳಿಗೆ ಮದುವೆಯೂ ಸ್ವಂತ ವಿಷಯವಾಗಿರಲಿಲ್ಲ. ಕೆಲವು ಕಾಲ ಇಲ್ಲಿ ಕೆಲಸ ಮಾಡಿದ ಮೇಲೆ ಬಾಸೆಲ್‌ನ ಸಮಿತಿಗೆ ಬರೆದು ಅನುಮತಿ ಪಡೆಯಬೇಕಾಗಿತ್ತು. ಎಷ್ಟೋ ವಧುಗಳು ತಾವು ಎಂದೂ ಕಾಣದ ವರನನ್ನು ವರಿಸಲು ಹಡಗು ಹತ್ತಿದರು. ನಮ್ಮ ಹಿರಿಯರ ಕಾಲದಲ್ಲಿ ಹೆಣ್ಣುಮಕ್ಕಳು ಗಂಡನ ಮುಖವನ್ನು ಮಂಟಪದಲ್ಲೇ ಮೊದಲು ನೋಡುತ್ತಿದ್ದುದನ್ನು ನೆನೆದರೆ, ಯುರೋಪಿನವರೆಂದು ನಾವು ಹೆಚ್ಚು ಆಶ್ಚರ್ಯಪಡಬೇಕಾಗಿಲ್ಲ. ಆದರೆ ನಮ್ಮವರ ತವರು ಎತ್ತಿನ ಗಾಡಿಯ ದೂರದಲ್ಲಿತ್ತು.

ಬಂದ ಮೇಲೆ ದಿನಚರಿ ಹೇಗಿತ್ತು? ಬೆಳಗಿನ ಪ್ರಾರ್ಥನೆ, ಆನಂತರ ಪಾದ್ರಿ ಶಾಲೆಗೋ ಪೇಟೆಗೋ ಹಳ್ಳಿಗಳ ಪ್ರವಾಸಕ್ಕೋ ಹೊರಟುಬಿಡುತ್ತಿದ್ದರು. ಮಿಷನ್ ಬಂಗಲೆ ಹೆಂಡತಿಯ ಪಾಲು. ಹೆಣ್ಣುಮಕ್ಕಳಿಗೆ ಓದು, ಹೊಲಿಗೆ, ಹೆಣಿಗೆ ಕಲಿಸುವುದು, ಬಾಗಿಲಿಗೆ ಬಂದ ರೋಗಿಗೆ ಔಷಧಿ ಕೊಡುವುದು, ಅತಿಥಿಗಳನ್ನು ನೋಡಿಕೊಳ್ಳುವುದು, ಇವೆಲ್ಲ ಅವಳವೇ. ಸಂಬಳದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮಕ್ಕಳು ಆರೇಳು ವರ್ಷದವರಾಗುತ್ತಿದ್ದಂತೆ ಅವರನ್ನು ಯುರೋಪಿಗೆ ಕಳುಹಿಸುವ ಪದ್ಧತಿಯಿತ್ತು. ಅದಕ್ಕೆಂದೇ ಬಾಸೆಲ್‌ನಲ್ಲಿ ಮಿಷನ್ ಮಕ್ಕಳ ಮನೆಯೊಂದನ್ನು ತೆರೆದರು. ಅಲ್ಲಿಂದಾಚೆಗೆ ತಾಯಿಗೆ ಉಳಿದದ್ದು ಕಾಗದ ಮಾತ್ರ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ಮಗುವಿನ ಜ್ವರ ವಾಸಿಯಾಗಿಯೂ ಇರಬಹುದಾಗಿತ್ತು, ಮತ್ತೇನೋ ಆಗಿಯೂ ಇರಬಹುದಾಗಿತ್ತು.

'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ನಲವತ್ತು ದಾಟುವವರೆಗೂ ಅವಿವಾಹಿತರಾಗಿಯೇ ಇದ್ದರು. ಅವರ ಸಂಬಂಧಿ, ಜೊತೆಗಾರ ಪಾದ್ರಿ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಆತನ ವಿಧವೆ ಪೌಲಿನಾ ಅವರನ್ನು ಮೋಗ್ಲಿಂಗ್ ಆಮೇಲೆ ಮದುವೆಯಾದರು. ಕೊಡಗಿನ ಆನಂದಪುರದಲ್ಲಿ ಬಡ ಹೊಲೆಯ ಕುಟುಂಬಗಳಿಗೆ ಒಂದು ನೆಲೆ ಕಟ್ಟುವ ಪ್ರಯತ್ನದಲ್ಲಿ ಆಗ ಅವರು ಮುಳುಗಿದ್ದರು. ಎಳೆಯ ವಯಸ್ಸನ್ನು ದಾಟಿದ ಈ ದಂಪತಿಗಳ ಸಂಸಾರ ಈ ನೆಲದಲ್ಲಿ ಹೆಚ್ಚು ದಿನ ನಡೆಯಲಿಲ್ಲ. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ಹಿಂದಿರುಗಿದರು, ಮತ್ತೆ ಬರಲಿಲ್ಲ. ಕನ್ನಡದ ಕೆಲಸ ಅರ್ಧಕ್ಕೆ ನಿಂತಿತು ಎಂದು ಸಾಹಿತ್ಯ ಚರಿತ್ರೆ ಓದುವಾಗ ನಾನು ಬೇಸರಪಟ್ಟದ್ದುಂಟು. ಈಗ ಹಾಗೆನ್ನಿಸುವುದಿಲ್ಲ. ಹೆಂಡತಿಗೆ ಕಾಯಿಲೆಯಾದರೆ ಗಂಡನಾದವನು ಮಾಡಬೇಕಾದದ್ದನ್ನೇ ಅವರು ಮಾಡಿದರು.

ಕಿಟೆಲ್ ಅವರದು ಬೇರೆ ದಾರಿ. ಅವರು ಬಂದದ್ದು 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ. 1860ರಲ್ಲಿ ಪೌಲಿನಾ ಐತ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿ ಅವರನ್ನು ವರಿಸಿದರು. ಅಕ್ಕ ಸತ್ತ ಮನೆಗೆ ತಂಗಿ ಕಾಲಿಡುವುದು ನಮ್ಮ ಕಡೆಯೂ ಇದ್ದ ರೂಢಿ. ಆ ಹುಡುಗಿಯ ಮನಸ್ಸಿನಲ್ಲಿ ಏನಿರುತ್ತದೆಂಬುದು ನಮ್ಮ ನೆಂಟರಿಷ್ಟರಲ್ಲಿ ಕೆಲವರಿಗಾದರೂ ಗೊತ್ತು. 'ಶಬ್ದಮಣಿದರ್ಪಣ' 1872ರಲ್ಲಿ, 'ಛಂದೋಂಬುಧಿ' 1875ರಲ್ಲಿ ಕಿಟೆಲರಿಂದ ಸಂಪಾದಿತವಾಗಿ ಹೊರಬಂದವು. ಅನಂತರ ಸಂಸಾರ ಜರ್ಮನಿಗೆ ಮರಳಿತು.

1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ನಿಘಂಟನ್ನು ಮುಗಿಸಲೆಂದು ಕಿಟೆಲ್ ಮತ್ತೆ ಭಾರತಕ್ಕೆ ಹೊರಟರು. ಈ ಬಾರಿ ಒಬ್ಬರೇ. ಜೂಲಿ ಮಕ್ಕಳೊಡನೆ ಜರ್ಮನಿಯಲ್ಲಿ ಉಳಿದರು. ಶಾಸನ, ಹಳಗನ್ನಡ ಕಾವ್ಯ, ಗಾದೆ, ಆಡುಮಾತು ಎಲ್ಲವನ್ನೂ ಸ್ಥಳೀಯ ಪಂಡಿತರ ನೆರವಿನಿಂದ ಸೋಸುತ್ತ ಅವರು ಇಲ್ಲಿ ಸುಮಾರು ಒಂಬತ್ತು ವರ್ಷ ಕಳೆದರು. ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆಗೆ ಉತ್ತರ ಇಷ್ಟೇ: ಮನೆಯನ್ನು ಜೂಲಿ ನೋಡಿಕೊಂಡರು. ಮುಖಪುಟದಲ್ಲಿ ಇರುವುದು ಒಂದೇ ಹೆಸರು.

ನಮ್ಮ ಕೋಲಾರದಲ್ಲೇ ಇದಕ್ಕೆ ತದ್ವಿರುದ್ಧವಾದ ಒಂದು ಬದುಕಿತ್ತು. ಗಂಡ ಮಕ್ಕಳಿಲ್ಲದ ಮಿಸ್ ಆನ್‌ಸ್ಟೆ ಎಂಬಾಕೆ 1876-78ರ ಬರಗಾಲದಲ್ಲಿ ಅನಾಥರಾದ ಮಕ್ಕಳನ್ನು ಅಲ್ಲಿ ಸಾಕಿದರು. 1890ರಲ್ಲಿ ಆ ಕೆಲಸ ಮೆಥಡಿಸ್ಟರ ಕೈಗೆ ಹೋಯಿತು. ಮತಾಂತರದ ಉದ್ದೇಶದ ಬಗೆಗೆ ನನಗಿರುವ ಭಿನ್ನಾಭಿಪ್ರಾಯ ನಿಮಗೆ ಗೊತ್ತೇ ಇದೆ. ಆದರೂ ತಮ್ಮ ಮಕ್ಕಳನ್ನು ಕಳುಹಿಸಿಕೊಟ್ಟು ಊರಿನವರ ಮಕ್ಕಳಿಗೆ ಅಕ್ಷರ ಕಲಿಸಿದ ಆ ತಾಯಂದಿರನ್ನು ನೆನೆದಾಗ ವಾದ ಮಾಡುವ ಮನಸ್ಸಾಗುವುದಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನೀವೂ ದಿಕ್ಕುದಿಕ್ಕಿಗೆ ಹೋದಿರಿ. ಭಾನುವಾರ ಸಂಜೆ ನಮ್ಮ ಮಕ್ಕಳ ಫೋನು ಬರುವ ಹೊತ್ತಿಗೆ ನಾವಿಬ್ಬರೂ ಹಜಾರದಲ್ಲೇ ಕುಳಿತಿರುತ್ತೇವೆ. ಕಳೆದ ಭಾನುವಾರ ಕಾಯುತ್ತಿದ್ದಾಗ ಜೂಲಿಯವರ ಸಂಗತಿಯನ್ನು ನನ್ನ ಶ್ರೀಮತಿಗೆ ಹೇಳಿದೆ. ಆಕೆ ಏನೂ ಮಾತನಾಡದೆ ಆ ಭಾರದ ಸಂಪುಟವನ್ನು ಮಡಿಲಿಗೆ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, 'ತವರು' ಎಂಬ ಪದವನ್ನು ಹುಡುಕತೊಡಗಿದಳು.