ಹೆಂಗಸಿನ ಪಾಲು

ನೆಲೋಗಿಯ ನಮ್ಮ ಮನೆಯಲ್ಲಿ ಊಟಕ್ಕೊಂದು ಸರತಿ ಇತ್ತು. ಹೊಲಕ್ಕೆ ಹೋಗುವ ಗಂಡಸರು ಮೊದಲು, ಆಮೇಲೆ ಹುಡುಗರು, ಆಮೇಲೆ ಮುದುಕರು. ಒಲೆ ಮುಂದೆ ಕೂತು ರೊಟ್ಟಿ ಬಡಿದವಳು ಕೊನೆಗೆ. ಅಷ್ಟರಲ್ಲಿ ಪಲ್ಯದ ಬೋಗುಣಿಯಲ್ಲಿ ಎಣ್ಣೆಯ ಜಿಡ್ಡಷ್ಟೇ ಉಳಿದಿರುತ್ತಿತ್ತು. ಅವ್ವ ಅದರಲ್ಲೇ ರೊಟ್ಟಿ ಒರೆಸಿಕೊಂಡು, ಚಿಟಿಕೆ ಕೆಂಪು ಖಾರ ಹಚ್ಚಿಕೊಂಡು ಉಣ್ಣುತ್ತಿದ್ದಳು. ಕೇಳಿದರೆ, "ರೊಟ್ಟಿ ಬಡಿಯೋರಿಗೆ ವಾಸನಿಗೇ ಹೊಟ್ಟಿ ತುಂಬತದವಾ" ಎನ್ನುತ್ತಿದ್ದಳು.

ಮದುವೆಯಾಗಿ ಕಲಬುರಗಿಗೆ ಬಂದ ಮೇಲೆ ನಾನೂ ಅದೇ ಪಾಠ ಒಪ್ಪಿಸಿದೆ. ಮೊದಲ ಬಸುರಿನಲ್ಲಿ ಡಾಕ್ಟರಮ್ಮ ರೆಪ್ಪೆ ಎಳೆದು ನೋಡಿ, "ರಕ್ತ ಇಲ್ಲ, ಏನ್ ಉಣ್ತೀಯವಾ?" ಎಂದರು. ರೊಟ್ಟಿ, ಬ್ಯಾಳಿ ಎಂದೆ. ಬ್ಯಾಳಿ ಎಷ್ಟು ಎಂದಾಗ ಉತ್ತರ ಹೊಳೆಯಲಿಲ್ಲ. ಗೋಡೆಗೆ ಯಾರಿಗೆ ಎಷ್ಟು ಬೇಕೆಂಬ ಪಟ್ಟಿ ಹಚ್ಚಿದ್ದರು. ನನ್ನ ಹೊಟ್ಟೆಯ ಲೆಕ್ಕ ಬರೆದವರು ಯಾರಪ್ಪ ಎಂಬ ಕುತೂಹಲ ಅಂದಿನಿಂದ ಅಂಟಿಕೊಂಡಿತು.

ಈ ಲೆಕ್ಕದ ಬೇರು ದೂರದ ಕೂನೂರಿನಲ್ಲಿದೆ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅಲ್ಲಿ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಶೋಧನೆಗೆ ಕೂತರು. 1937ರಲ್ಲಿ ಅಲ್ಲಿದ್ದ ಆಯ್‌ಕ್ರಾಯ್ಡ್ ನಮ್ಮ ದೇಶದ ಕಾಳುಕಡಿ, ತರಕಾರಿಗಳ ಸತ್ವವನ್ನು ಪುಸ್ತಿಕೆಯಾಗಿ ತಂದರು. ಭಾರತೀಯರಿಗೆ ದಿನಕ್ಕೆ ಏನೇನು ಎಷ್ಟು ಬೇಕೆಂಬ ಮೊದಲ ಪಟ್ಟಿ ಬಂದದ್ದು 1944ರಲ್ಲಿ. ಮನೆಮಂದಿಯ ಊಟ ಅಳೆಯಲು ಇನ್ನೊಂದು ಲೆಕ್ಕವೂ ರೂಢಿಗೆ ಬಂತು: ಕ್ಯಾಲೊರಿಯಲ್ಲಿ, ಕೂತು ದುಡಿಯುವ ಗಂಡಸು 1 ಆದರೆ ಅಂಥದೇ ಹೆಂಗಸು 0.8. ಕೂತು ದುಡಿಯುವ ಹೆಂಗಸನ್ನು ನೆಲೋಗಿಯಲ್ಲಿ ನಾನಂತೂ ಕಂಡಿರಲಿಲ್ಲ! ಮೈಮುರಿದು ದುಡಿಯುವವಳಿಗೆ 1.2 ಎಂದೂ ಅದೇ ಲೆಕ್ಕದಲ್ಲಿದೆ ಎಂದು ಆಮೇಲೆ ತಿಳಿದು ಸಮಾಧಾನವಾಯಿತು.

1958ರಲ್ಲಿ ಆ ಪ್ರಯೋಗಾಲಯ ಹೈದರಾಬಾದಿಗೆ ಬಂತು. ನಮಗದು ಪರಸ್ಥಳವಲ್ಲ, 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅಲ್ಲಿ ನಮ್ಮ ಜೋಳದ ಸರದಿಯೂ ಬಂತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಬುದ್ಧಿ ಮಂಕಾಗುವುದು, ಇವು ಪೆಲ್ಲಾಗ್ರದ ಲಕ್ಷಣ. ಮೆಕ್ಕೆಜೋಳ ತಿನ್ನುವವರ ರೋಗವೆಂದೇ ಅದಕ್ಕೆ ಹೆಸರು. ಜೋಳವನ್ನೇ ನೆಚ್ಚಿದ ದಖ್ಖನ್ನಿನ ಬಡವರಲ್ಲೂ ಅದು ಕಂಡಾಗ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಕಾರಣವಿರಬಹುದೆಂದರು. ಆ ಮಾತಿನ ಮೇಲೆ ಮುಂದೆ ವಾದಗಳಾದವು. ನನ್ನ ಪ್ರಕಾರ ಜೋಳದ ಮೇಲೆ ಸಿಟ್ಟಾಗಬೇಕಿಲ್ಲ. ಬ್ಯಾಳಿ, ಹಾಲು, ಸೊಪ್ಪು ಜೊತೆಗಿಲ್ಲದ ಬರೀ ರೊಟ್ಟಿಯ ಕಥೆ ಅದು.

ಕಬ್ಬಿಣದ ಅಂಕಿ ಮಾತ್ರ ಸೊಸೆಯರ ಹಾಗೆ ಎಲ್ಲಿಯೂ ನೆಮ್ಮದಿಯಾಗಿ ಕೂರಲಿಲ್ಲ. 1989ರಲ್ಲಿ ಹೆಂಗಸಿಗೆ ದಿನಕ್ಕೆ 30 ಮಿಲಿಗ್ರಾಂ ಎಂದಿದ್ದರು. ಉಂಡ ಕಬ್ಬಿಣದಲ್ಲಿ ಮೈಗೆ ಹತ್ತುವುದು ನೂರಕ್ಕೆ 5 ಅಲ್ಲ, 8 ಎಂದು ಅಂದಾಜಿಸಿ 2010ರಲ್ಲಿ 21ಕ್ಕೆ ಇಳಿಸಿದರು. 2020ರಲ್ಲಿ, ಸರಾಸರಿ 15 ಸಾಕಾದರೂ ಹೆಚ್ಚುಕಡಿಮೆ ಎಲ್ಲ ಹೆಂಗಸರ ಅಗತ್ಯ ನೀಗಬೇಕಾದರೆ 29 ಬೇಕೆಂದರು. ಗಂಡಸಿಗೆ 19. ತಿಂಗಳು ತಿಂಗಳು ರಕ್ತ ಕಳೆಯುವವಳಿಗೆ ಹೆಚ್ಚು ಬೇಕೆಂಬುದು ಸಹಜ. 2019-21ರ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಸರತಿಯಲ್ಲಿ ಯಾರು ಕೊನೆ ಎಂದು ಕೇಳುವ ಕಾಲಂ ಯಾವ ಪಟ್ಟಿಯಲ್ಲೂ ನನಗೆ ಕಾಣಲಿಲ್ಲ.

ಹೋದ ಸಲ ಊರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. "ಇಪ್ಪತ್ತೊಂಬತ್ತಂದ್ರ ಎಷ್ಟ್ ರೊಟ್ಟಿ?" ಎಂದಳು. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ. ರೊಟ್ಟಿಯೊಂದರಿಂದಲೇ ಅಂದರೆ ದಿನಕ್ಕೆ ಮುಕ್ಕಾಲು ಕಿಲೋ ಹಿಟ್ಟಿನ ಹತ್ತಿರ. ಅವ್ವ ಬಿದ್ದು ಬಿದ್ದು ನಕ್ಕಳು. ಆಮೇಲೆ ಸುಮ್ಮನಾಗಿ, "ಹಂಗಾದ್ರ ಪಲ್ಯ, ಬ್ಯಾಳಿ ಉಳೀಬೇಕಲ್ಲ" ಎಂದಳು.

ಅಂದು ರಾತ್ರಿ ಗಂಡಸರಿಗೆ ಬಡಿಸುವ ಮೊದಲು ಅವಳು ಪುಂಡಿ ಪಲ್ಯ ತೋಡಿ ಒಂದು ಬಟ್ಟಲಲ್ಲಿ ತೆಗೆದಿಟ್ಟಳು. ತಮ್ಮನ ಹೆಂಡತಿಗೆ ಅದು ಏಳನೇ ತಿಂಗಳು.