ಆಕ್ಸಿಡೆಂಟ್ (ಚಲನಚಿತ್ರ)

ಶಂಕರ್ ನಾಗ್ ನಿರ್ದೇಶಿಸಿದ ಕನ್ನಡ ಥ್ರಿಲ್ಲರ್ (1985). ರಾಜಕಾರಣಿ ಧರ್ಮಾಧಿಕಾರಿಯ (ಅನಂತ್ ನಾಗ್) ಮಗ ಅಮಲಿನಲ್ಲಿ, ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಕಾರು ಹರಿಸುತ್ತಾನೆ. ಅಪ್ಪನ ಅಧಿಕಾರ ಸಾಕ್ಷ್ಯ ಅಳಿಸಲು ನಿಲ್ಲುತ್ತದೆ. ಪತ್ರಕರ್ತನಾಗಿ ಶಂಕರ್ ನಾಗ್, ಬದುಕುಳಿದ ರಾಮಣ್ಣನಾಗಿ ರಮೇಶ್ ಭಟ್ ನಟಿಸಿದ್ದಾರೆ. ಸಾಮಾಜಿಕ ವಸ್ತುವಿನ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ತಪ್ಪಿತಸ್ಥ ಯಾರೆಂಬುದು ಪ್ರೇಕ್ಷಕರಿಗೆ ಮೊದಲೇ ಗೊತ್ತು. ಬಡವನ ಸಾವಿಗೆ ಲೆಕ್ಕವುಂಟೇ ಎಂಬುದೇ ಇಲ್ಲಿನ ಕುತೂಹಲ, ಚಿತ್ರದ ನಿಜವಾದ ಬಲವೂ ಅದೇ. ದಕ್ಷಿಣ ಕೊರಿಯಾದ ‘ಪ್ಯಾರಸೈಟ್’ (2019) ಇಂಥದೇ ವರ್ಗಭೇದವನ್ನು ಕಟುಹಾಸ್ಯದಲ್ಲಿ ತೋರಿತು. ಶಂಕರ್ ನಾಗ್ ಆಯ್ದುಕೊಂಡದ್ದು ನೇರ ಸಿಟ್ಟನ್ನು. ಯಾದಗಿರಿ, ಶಹಾಪುರ, ಸುರಪುರ ಸೀಮೆಯಿಂದ ಬೆಂಗಳೂರಿಗೆ ಗುಳೆ ಹೋಗಿ, ಕಟ್ಟಡ ಕೆಲಸ ಮಾಡಿ ತಗಡಿನ ಶೆಡ್ಡುಗಳಲ್ಲಿ ಮಲಗುವ ಕುಟುಂಬಗಳಿಗೆ ರಾಮಣ್ಣನ ಸಂಕಟ ಇಂದಿಗೂ ದೂರದ್ದಲ್ಲ.